ಆದೋನಿಗಿಂತ ಚಿಕ್ಕ ದೇಶ

2025ರ ನವೆಂಬರ್ 18ರಂದು ನಡೆದ ಮೂರು ಫುಟ್‌ಬಾಲ್ ಪಂದ್ಯಗಳು ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಕುರಸಾವೊ ತಂಡ ಆತಿಥೇಯರಿಗೆ ಒಂದು ಗೋಲನ್ನೂ ಬಿಟ್ಟುಕೊಡದೆ ಪಂದ್ಯ ಸಮ ಮಾಡಿಕೊಂಡು ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಹೈಟಿ ತಂಡ ನಿಕರಾಗುವವನ್ನು 2–0ಯಿಂದ ಸೋಲಿಸಿ 1974ರ ನಂತರ ಮೊದಲ ಸಲ ಅದೇ ವಿಶ್ವಕಪ್‌ಗೆ ಕಾಲಿಟ್ಟಿತು. ಢಾಕಾದಲ್ಲಿ ಭಾರತ 0–1ರಿಂದ ಬಾಂಗ್ಲಾದೇಶಕ್ಕೆ ಸೋತಿತು. 22 ವರ್ಷಗಳಲ್ಲಿ ಅವರ ಕೈಯಲ್ಲಿ ನಮಗಾದ ಮೊದಲ ಸೋಲು ಅದು.

ಕುರಸಾವೊ ಎಷ್ಟು ದೊಡ್ಡ ದೇಶ ಎಂದು ಆಂಧ್ರದ ಕರ್ನೂಲು ಜಿಲ್ಲೆಯ ನಮ್ಮ ಸಿ. ಬೆಳಗಲ್ಲಿನ ಹುಡುಗರು ಕೇಳಿದರೆ ನಾನು ಆದೋನಿಯನ್ನು ತೋರಿಸುತ್ತೇನೆ. 2011ರ ಜನಗಣತಿಯಲ್ಲಿ ಆದೋನಿ ಪಟ್ಟಣದ ಜನಸಂಖ್ಯೆ ಸುಮಾರು 1.66 ಲಕ್ಷ. ಕೆರಿಬಿಯನ್ ಸಮುದ್ರದ ಆ ದ್ವೀಪದಲ್ಲಿರುವವರು ಅದಕ್ಕಿಂತ ಕಡಿಮೆ. ವಿಸ್ತೀರ್ಣ 444 ಚದರ ಕಿಲೋಮೀಟರ್. ವಿಶ್ವಕಪ್‌ನ ಇತಿಹಾಸದಲ್ಲಿ ಅರ್ಹತೆ ಪಡೆದ ಅತಿ ಚಿಕ್ಕ ದೇಶ ಅದು.

ಆದರೆ ಆ ತಂಡದ ಬಹುತೇಕ ಆಟಗಾರರು ಹುಟ್ಟಿ ಬೆಳೆದದ್ದು ದ್ವೀಪದಲ್ಲಲ್ಲ, ನೆದರ್‌ಲೆಂಡ್ಸ್‌ನಲ್ಲಿ. ಅವರ ಅಪ್ಪ ಅಮ್ಮ, ಅಜ್ಜ ಅಜ್ಜಿ ಊರು ಬಿಟ್ಟು ಅಲ್ಲಿಗೆ ಹೋದವರು. ಕುರಸಾವೊದ ಫುಟ್‌ಬಾಲ್ ಸಂಸ್ಥೆ ಮಾಡಿದ ಮುಖ್ಯ ಕೆಲಸವೆಂದರೆ ತನ್ನ ಮಕ್ಕಳು ಎಲ್ಲೆಲ್ಲಿದ್ದಾರೆ ಎಂಬ ಲೆಕ್ಕ ಇಟ್ಟುಕೊಂಡು, ಹುಡುಕಿ ಹೋಗಿ ಕರೆದದ್ದು. ಹೈಟಿಯದ್ದು ಇನ್ನೂ ಕಷ್ಟದ ಕಥೆ. ರಾಜಧಾನಿ ಪೋರ್ಟ್ ಔ ಪ್ರಿನ್ಸ್ ಶಸ್ತ್ರಧಾರಿ ಗುಂಪುಗಳ ಹಿಡಿತದಲ್ಲಿದ್ದದ್ದರಿಂದ ಅವರು ತಮ್ಮ ತವರು ಪಂದ್ಯಗಳನ್ನು ಕುರಸಾವೊದಲ್ಲೇ ಆಡಬೇಕಾಯಿತು. ತಂಡದ ಆಟಗಾರರಲ್ಲಿ ಅನೇಕರು ಪರದೇಶದಲ್ಲಿ ಬೆಳೆದ ಹೈಟಿಯ ಮಕ್ಕಳೇ.

ಈ ತಂಡಗಳ ಕಥೆ ಓದುವಾಗ ನನಗೆ ನಮ್ಮ ಗುಳೆಯ ಮಕ್ಕಳು ನೆನಪಾದರು. ಪಶ್ಚಿಮ ಕರ್ನೂಲಿನ ಹಳ್ಳಿಗಳಲ್ಲಿ ಮುಂಗಾರಿನ ಬೆಳೆ ಕೈಕೊಟ್ಟ ವರ್ಷ ದೀಪಾವಳಿ ಮುಗಿಯುವ ಹೊತ್ತಿಗೆ ಓಣಿ ಓಣಿಗಳಲ್ಲಿ ಬೀಗ ಬೀಳುತ್ತದೆ. ಒಂದಷ್ಟು ಕುಟುಂಬಗಳು ಗುಂಟೂರಿನ ಕಡೆಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಹೊರಡುತ್ತವೆ. ಇನ್ನಷ್ಟು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತವೆ. ಕೂಸುಗಳನ್ನು ಊರಲ್ಲಿ ಬಿಟ್ಟು ಹೋಗಲು ಯಾರಿರುತ್ತಾರೆ? ಅವೂ ಗಂಟು ಮೂಟೆಯ ಜೊತೆಗೆ ಲಾರಿ ಹತ್ತುತ್ತವೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಸಾಲು ಸಾಲು ಗೈರು. ಯುಗಾದಿಗೆ ತಿರುಗಿ ಬಂದಾಗ ಪಾಠವೂ ಹಿಂದೆ ಬಿದ್ದಿರುತ್ತದೆ, ಆಟವೂ ಹಿಂದೆ ಬಿದ್ದಿರುತ್ತದೆ. ಕುರಸಾವೊ ತಂಡದವರೂ ದುಡಿಮೆಗೆಂದು ಊರು ಬಿಟ್ಟವರ ಮಕ್ಕಳೇ, ಇವರೂ ಅಂಥವರ ಮಕ್ಕಳೇ. ಅವರ ಹೆಸರು ಒಂದು ಪುಸ್ತಕದಲ್ಲಿತ್ತು. ಇವರ ಹೆಸರು ಫುಟ್‌ಬಾಲ್‌ನ ಯಾವ ಪುಸ್ತಕದಲ್ಲೂ ಇಲ್ಲ.

ಪುಸ್ತಕ ಇಡಬೇಕಾದವರು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನವರು. 1937ರಲ್ಲಿ ಹುಟ್ಟಿದ ಸಂಸ್ಥೆ ಅದು. 2023ರಲ್ಲಿ ಅದು ‘ವಿಷನ್ 2047’ ಎಂಬ ನೀಲನಕ್ಷೆ ಹೊರಡಿಸಿತು. ಹಳ್ಳಿಗಳ 3.5 ಕೋಟಿ ಮಕ್ಕಳನ್ನು ಮುಟ್ಟುತ್ತೇವೆ, 2047ಕ್ಕೆ ಏಷ್ಯಾದ ಮೊದಲ ನಾಲ್ಕರಲ್ಲಿ ನಿಲ್ಲುತ್ತೇವೆ ಎಂದು ಅದರಲ್ಲಿ ಬರೆದಿದೆ. ಆಸೆ ಒಳ್ಳೆಯದೇ. ಆದರೆ 2017ರಲ್ಲಿ ದೆಹಲಿ ಹೈಕೋರ್ಟ್ ಫೆಡರೇಷನ್ ಚುನಾವಣೆಯನ್ನು ರದ್ದುಪಡಿಸಿದಲ್ಲಿಂದ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದರ ಹೊಸ ಸಂವಿಧಾನವನ್ನು ಒಪ್ಪುವವರೆಗೆ ಎಂಟು ವರ್ಷ ಕುರ್ಚಿಯ ವ್ಯಾಜ್ಯದಲ್ಲೇ ಕಳೆದವು. ನಡುವೆ 2022ರ ಆಗಸ್ಟ್‌ನಲ್ಲಿ ಫಿಫಾ ನಮ್ಮನ್ನು ಅಮಾನತಿನಲ್ಲಿಟ್ಟಿತು. 2017ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗನಿಗೆ ಈಗ ಹದಿನೆಂಟು ದಾಟಿದೆ. ಆಟ ಕಲಿಯುವ ವಯಸ್ಸು ವಾಪಸ್ ಬರುವುದಿಲ್ಲ.

ನಮ್ಮ ಸೀಮೆಗೆ ಫುಟ್‌ಬಾಲ್ ಹೊಸದೂ ಅಲ್ಲ, ದೂರದ್ದೂ ಅಲ್ಲ. 1956ರ ನವೆಂಬರ್ 1ರವರೆಗೆ ಕರ್ನೂಲು ಆಂಧ್ರ ರಾಜ್ಯದ ರಾಜಧಾನಿಯಾಗಿತ್ತು, ಅಂದು ಆ ಪಟ್ಟ ಹೈದರಾಬಾದಿಗೆ ಹೋಯಿತು. ಅದೇ ತಿಂಗಳು ಮೆಲ್ಬರ್ನ್ ಒಲಿಂಪಿಕ್ಸ್ ಶುರುವಾಯಿತು, ಅಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೇರಿತು. ಆ ತಂಡವನ್ನು ಪಳಗಿಸಿದ ಸೈಯದ್ ಅಬ್ದುಲ್ ರಹೀಮ್ ಹೈದರಾಬಾದಿನವರು, ವೃತ್ತಿಯಿಂದ ಶಾಲಾ ಮೇಷ್ಟ್ರು. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನವೂ ಅವರ ಗರಡಿಯಲ್ಲೇ ಬಂದದ್ದು. ಇನ್ನೊಂದು ದಿಕ್ಕಿಗೆ ಬೆಂಗಳೂರು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಆದರೆ 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು ಆಂಧ್ರಕ್ಕೆ ಬಂದವು. 2014ರಲ್ಲಿ ರಾಜ್ಯ ಮತ್ತೆ ಒಡೆದಾಗ ಹೈದರಾಬಾದಿನ ಫುಟ್‌ಬಾಲ್ ಪರಂಪರೆ ತೆಲಂಗಾಣದ ಪಾಲಾಯಿತು. ಎರಡು ದೊಡ್ಡ ಮೈದಾನಗಳ ನಡುವೆ ನಮ್ಮ ಮಕ್ಕಳು ಗೆರೆಯ ಆಚೆ ಉಳಿದರು.

ಬರದ ನಾಡಲ್ಲಿ ಇದೆಲ್ಲ ಆಗದ ಮಾತು ಎನ್ನುವವರು ಪಕ್ಕದ ಅನಂತಪುರಕ್ಕೆ ಹೋಗಿ ನೋಡಲಿ. ವಿಸೆಂಟೆ ಫೆರರ್ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಅಲ್ಲಿ ಕ್ರೀಡಾ ಗ್ರಾಮವನ್ನೇ ನಡೆಸುತ್ತಿದೆ. ಹಳ್ಳಿಯ ಬಡ ಮಕ್ಕಳು, ಹೆಣ್ಣುಮಕ್ಕಳೂ ಸೇರಿ, ಅಲ್ಲಿ ಫುಟ್‌ಬಾಲ್ ಕಲಿಯುತ್ತಾರೆ. ಮಳೆ ನಮಗಿಂತ ಹೆಚ್ಚೇನೂ ಬೀಳದ ಜಿಲ್ಲೆ ಅದು. ಒಂದು ಸೇವಾಸಂಸ್ಥೆಗೆ ಸಾಧ್ಯವಾದದ್ದು ರಾಷ್ಟ್ರದ ಹೆಸರಿಟ್ಟುಕೊಂಡ ಸಂಸ್ಥೆಗೆ ಯಾಕೆ ಆಗಬಾರದು?

ನಾನು ಕೇಳುವುದು ಸ್ಟೇಡಿಯಂ ಅಲ್ಲ. ಮೊದಲನೆಯದು, ಮಂಡಲ ಮಟ್ಟದ ಶಾಲಾ ಲೀಗನ್ನು ನಮ್ಮ ಹಳ್ಳಿಯ ಪಂಚಾಂಗ ನೋಡಿ ಇಡಿ. ಜೂನ್‌ನಲ್ಲಿ ಶಾಲೆ ತೆರೆದಾಗ ಶುರುವಾಗಿ ದಸರೆಯೊಳಗೆ ಮುಗಿಯಲಿ. ಗುಳೆ ಹೊರಡುವ ತಿಂಗಳಲ್ಲಿ ಟೂರ್ನಿ ಇಟ್ಟರೆ ಅರ್ಧ ತಂಡ ಲಾರಿಯಲ್ಲಿರುತ್ತದೆ. ಎರಡನೆಯದು, ಮಂಡಲಕ್ಕೊಬ್ಬ ಡ್ರಿಲ್ ಮೇಷ್ಟ್ರಿಗೆ ಫೆಡರೇಷನ್ ಖರ್ಚಿನಲ್ಲೇ ತರಬೇತುದಾರರ ಡಿ ಲೈಸೆನ್ಸ್ ಕೊಡಿಸಿ. ರಹೀಮ್ ಸಾಹೇಬರೂ ಮೇಷ್ಟ್ರಾಗಿದ್ದವರೇ ತಾನೆ? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಆಟಗಾರರ ನೋಂದಣಿಗೆ ಫೆಡರೇಷನ್ ಬಳಿ ಇಡೀ ದೇಶಕ್ಕೆ ಒಂದೇ ಆನ್‌ಲೈನ್ ವ್ಯವಸ್ಥೆ ಇದೆ. ಅದರಲ್ಲಿ ಗುಳೆ ಹೋಗುವ ಮಗುವಿನ ಹೆಸರೂ ಸೇರಲಿ. ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ನಾಲ್ಕೈದು ತಿಂಗಳು ಮಗು ಅಲ್ಲಿನ ಶೆಡ್ಡಿಗೆ ಹತ್ತಿರದ ಮೈದಾನದಲ್ಲಿ ಆಡಲಿ, ಯುಗಾದಿಗೆ ಬಂದು ಇಲ್ಲಿ ಮುಂದುವರಿಸಲಿ. ರಾಜ್ಯದ ಗಡಿ, ಭಾಷೆಯ ಗಡಿ ಅದಕ್ಕೆ ಅಡ್ಡ ಬರದಿರಲಿ.

ಇಷ್ಟರಿಂದ ನಾಳೆಯೇ ಭಾರತ ವಿಶ್ವಕಪ್ ಆಡುತ್ತದೆಂದು ನಾನು ಹೇಳುತ್ತಿಲ್ಲ. ತುಂಗಭದ್ರೆಯ ದಂಡೆಯ ಒಬ್ಬ ಹುಡುಗಿ ಊರಿಗೆ ತಿರುಗಿ ಬಂದ ದಿನ, ಮೇಷ್ಟ್ರು ಪುಸ್ತಕ ತೆರೆದು ಅವಳ ಹೆಸರು ಕೂಗಬೇಕು, ಅವಳು ‘ಬಂದೆ ಸಾರ್’ ಎಂದು ಮೈದಾನಕ್ಕೆ ಓಡಬೇಕು. ದೇಶದ ಫುಟ್‌ಬಾಲ್ ಸಂಸ್ಥೆಯ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.