ಗಡ್ಡಿ ಊರಿನವರಿಗೂ ಬಸ್ಸು ಬೇಕು, ದೋಣಿಯೂ ಬೇಕು

ಆಳಂದ, ಅಫಜಲಪುರ, ಜೇವರ್ಗಿ ಭಾಗದ ಬಂಧುಗಳೇ,

ನಮ್ಮ ಖಜೂರಿಯಲ್ಲಿ ರಸ್ತೆಗೆ ಬಂದು ನಿಂತರೆ ಆಳಂದಕ್ಕೋ ಉಮರ್ಗಾಕ್ಕೋ ಬಸ್ಸು ಸಿಗುತ್ತದೆ. ಇದೇ ಕಲ್ಯಾಣ ಕರ್ನಾಟಕದಲ್ಲಿ, ಕೃಷ್ಣೆಯ ಗಡ್ಡಿಗಳ, ಅಂದರೆ ನಡುಗಡ್ಡೆಯ ಊರುಗಳ ಜನ ಬಸ್ಸು ಹತ್ತಬೇಕಾದರೆ ಮೊದಲು ಹೊಳೆ ದಾಟಬೇಕು. ಅವರ ಪರವಾಗಿ ನಿಮ್ಮಲ್ಲಿ ಈ ಮನವಿ.

2014ರ ಜುಲೈ ಕೊನೆಯಲ್ಲಿ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಹೆರಿಗೆಗಾಗಿ ಆಚೆ ದಡ ಸೇರಲು, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಉಕ್ಕಿದ ಹೊಳೆಯಲ್ಲಿ ಈಜಿದರು. ಮನೆಯ ಗಂಡಸರು ಜೊತೆಗೆ ಈಜುತ್ತ ಬಂದರು. ಆಕೆ ಬದುಕಿ ದಡ ಮುಟ್ಟಿದರು. ನಾಡೆಲ್ಲ ಸಾಹಸವೆಂದು ಕೊಂಡಾಡಿತು. ನನಗೆ ಅದು ಆಡಳಿತದ ಸೋಲಾಗಿಯೇ ಕಾಣುತ್ತದೆ. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕುಲಕ್ಕೆ ಮರಳುತ್ತಿದ್ದವರ ತೆಪ್ಪ ಮಗುಚಿದಾಗ ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ನಾಲ್ವರು ನೀರುಪಾಲಾದರು.

ಸೇತುವೆ ಇದ್ದಲ್ಲೂ ನೆಮ್ಮದಿಯಿಲ್ಲ. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಕಡದರಗಡ್ಡಿ ಕಡೆಯ ಹಳ್ಳಿಗಳ ಬಸ್ಸು ನಿಲ್ಲುತ್ತದೆ. ಶಾಲೆಯ ಮಕ್ಕಳು, ದವಾಖಾನೆಗೆ ಹೋಗುವ ಮುದುಕರು ಸುತ್ತು ಹಾಕಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ನಮ್ಮ ಹೆಣ್ಣುಮಕ್ಕಳು ಪುಕ್ಕಟೆ ಬಸ್ಸಿನಲ್ಲಿ ಓಡಾಡುತ್ತಿದ್ದಾರೆ. ಆ ಚೀಟಿ ಹೊಳೆಯ ದಂಡೆಗೆ ಬಂದು ನಿಂತುಬಿಟ್ಟರೆ ಗಡ್ಡಿಯ ತಾಯಂದಿರಿಗೆ ಏನು ಸಿಕ್ಕಿದಂತಾಯಿತು?

ಆಗದ ಕೆಲಸವೇನಲ್ಲ ಇದು. ಶರಾವತಿಯ ಲಿಂಗನಮಕ್ಕಿ ಹಿನ್ನೀರಿನಿಂದ ದ್ವೀಪದಂತಾದ ಸಾಗರ ತಾಲ್ಲೂಕಿನ ತುಮರಿ ಭಾಗಕ್ಕೆ ಸರ್ಕಾರವೇ ದಶಕಗಳ ಕಾಲ ಲಾಂಚ್ ನಡೆಸಿತು. ಅಂಬಾರಗೋಡ್ಲುವಿನಲ್ಲಿ ಬಸ್ಸು ಪ್ರಯಾಣಿಕರ ಸಮೇತ ಲಾಂಚ್ ಏರಿ, ಕಳಸವಳ್ಳಿಯಲ್ಲಿ ಇಳಿದು ಮುಂದೆ ಹೋಗುತ್ತಿತ್ತು. 2025ರ ಜುಲೈ 14ರಂದು ಅಲ್ಲಿ ಸೇತುವೆಯೂ ಉದ್ಘಾಟನೆಯಾಯಿತು. ಶರಾವತಿಯ ಜನರಿಗೆ ಸಂದ ಈ ಅನುಕೂಲ ಕೃಷ್ಣೆಯ ಜನರಿಗೂ ಸಲ್ಲಬೇಕು.

ಎತ್ತರದ ಸೇತುವೆ ಆಗಲೇಬೇಕು. ಅದು ಆಗುವ ತನಕ ಸರ್ಕಾರಿ ಯಂತ್ರದೋಣಿ ಬರಲಿ, ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಇರಲಿ. ದೋಣಿ ದಡ ಮುಟ್ಟುವ ಹೊತ್ತಿಗೆ ಅಲ್ಲಿ ಬಸ್ಸು ನಿಂತಿರಬೇಕು. ವೇಳಾಪಟ್ಟಿ ಎರಡಕ್ಕೂ ಒಂದೇ ಇರಬೇಕು. ದೋಣಿಗೂ ಶಕ್ತಿ ಯೋಜನೆ ಅನ್ವಯಿಸಲಿ. ಹೊಳೆ ಅಬ್ಬರಿಸಿ ದೋಣಿಯೂ ನಡೆಯದ ದಿನಗಳಿಗಾಗಿ, ದಿನ ತುಂಬಿದ ಗರ್ಭಿಣಿಯರನ್ನು ಮುಂಚಿತವಾಗಿ ಈಚೆ ದಡಕ್ಕೆ ಕರೆತಂದು ಇರಿಸಿಕೊಳ್ಳುವ ವ್ಯವಸ್ಥೆ ಆರೋಗ್ಯ ಇಲಾಖೆಯದಾಗಲಿ.

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿಯೂ ಪ್ರದೇಶಾಭಿವೃದ್ಧಿ ಮಂಡಳಿಯೂ ಕಲಬುರಗಿಯಲ್ಲೇ ಇವೆ. 371(ಜೆ) ಕಲಂ ಹೆಸರಿನಲ್ಲಿ ಬರುವ ಹಣ ಗಡ್ಡಿಯವರದೂ ಹೌದು. ಅವರಿಗೆ ಕಲಬುರಗಿ ದೂರ, ನಮಗೆ ಹತ್ತಿರ. ಆದ್ದರಿಂದ ಕೈಮುಗಿದು ಕೇಳುತ್ತೇನೆ: ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಗಡ್ಡಿ ಊರುಗಳ ಪರವಾಗಿ ಒಂದು ಠರಾವು ಮಾಡಿ, ಆ ಎರಡೂ ಕಚೇರಿಗೆ ಮಳೆಗಾಲಕ್ಕೆ ಮೊದಲೇ ಮುಟ್ಟಿಸಿ.