ಹಣ ಇಳಿಯುವ ಖಾತೆಯಲ್ಲೇ ಇದೆ ಕಳ್ಳನ ಸುಳಿವು

ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ದುಡ್ಡು ಈಗ ರೈತರ ಬ್ಯಾಂಕ್ ಖಾತೆಗೇ ಬೀಳುತ್ತದೆ. ಚಿಂತಾಮಣಿಯ ಟೊಮೆಟೊ ವ್ಯಾಪಾರ, ಗೌರಿಬಿದನೂರಿನ ಕಾರ್ಖಾನೆ ಸಂಬಳ, ಚಿಕ್ಕಬಳ್ಳಾಪುರದ ಹೂವಿನ ವಹಿವಾಟು, ಎಲ್ಲವೂ ಖಾತೆ ಮತ್ತು ಮೊಬೈಲಿಗೆ ಬಂದಿವೆ. ದುಡ್ಡು ಹೋದಲ್ಲಿಗೆ ಕಳ್ಳನೂ ಹೋಗುತ್ತಾನೆ. ಆದರೆ ಸೈಬರ್ ಭದ್ರತೆ ಅಂದ ಕೂಡಲೇ ನಾವು ಒಟಿಪಿ, ಪಾಸ್‌ವರ್ಡ್ ಅಂತ ಅಷ್ಟಕ್ಕೇ ನಿಲ್ಲುತ್ತೇವೆ. ಕದ್ದ ಹಣ ಎಲ್ಲಿ ಇಳಿಯಿತು ಅಂತ ಕೇಳುವವರು ಕಡಿಮೆ.

2019ರಲ್ಲಿ ನಮ್ಮ ರಾಜ್ಯ ಸರಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೇ ಕನ್ನ ಬಿತ್ತು. ಗುತ್ತಿಗೆದಾರರು ಟೆಂಡರ್‌ಗೆ ಕಟ್ಟಿದ್ದ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿ ಹೋಯಿತು. ಕಂಪ್ಯೂಟರಿಗೆ ನುಗ್ಗಿದವನು ಕಣ್ಣಿಗೆ ಕಾಣುವುದಿಲ್ಲ. ಹಣ ಇಳಿದ ಖಾತೆಗಳು ಮಾತ್ರ ನಾಗಪುರದಲ್ಲಿ, ಉತ್ತರ ಪ್ರದೇಶದ ಬುಲಂದ್‌ಶಹರ್‌ನಲ್ಲಿ ಹೆಸರು, ವಿಳಾಸ ಸಮೇತ ಇದ್ದವು.

ಬಾಂಗ್ಲಾದೇಶ ಬ್ಯಾಂಕಿನ ಕಥೆ ಇನ್ನೂ ಸ್ಪಷ್ಟ. 2016ರ ಫೆಬ್ರವರಿಯಲ್ಲಿ ಕಳುವಾದ 8.1 ಕೋಟಿ ಡಾಲರ್ ಮನಿಲಾದ ಒಂದು ಬ್ಯಾಂಕ್ ಶಾಖೆಗೆ ಹೋಯಿತು. ಅಲ್ಲಿನ ನಾಲ್ಕು ಖಾತೆಗಳನ್ನು 2015ರ ಮೇ ತಿಂಗಳಲ್ಲೇ ನಕಲಿ ಗುರುತಿನಲ್ಲಿ ತೆರೆದಿದ್ದರು. ತಲಾ 500 ಡಾಲರ್ ಹಾಕಿ ಸುಮ್ಮನೆ ಬಿಟ್ಟಿದ್ದರು. ಅಂದರೆ ಕಳ್ಳತನದ ಮುನ್ಸೂಚನೆ ಒಂಬತ್ತು ತಿಂಗಳು ಬ್ಯಾಂಕಿನ ಪುಸ್ತಕದಲ್ಲೇ ಇತ್ತು.

ಕಳ್ಳ ಸಿಮ್ ಬದಲಿಸಬಹುದು, ಆ್ಯಪ್ ಬದಲಿಸಬಹುದು. ಹಣ ಹೊರತೆಗೆಯಲು ಮಾತ್ರ ಯಾರದೋ ಹೆಸರಿನ ಖಾತೆ ಬೇಕೇ ಬೇಕು. ಅದಕ್ಕೇ ಮ್ಯೂಲ್ ಖಾತೆ, ಅಂದರೆ ಬಾಡಿಗೆ ಖಾತೆಗಳ ದಂಧೆ ಬೆಳೆದಿದೆ. ಸಾವಿರಾರು ರೂಪಾಯಿ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಟ್ಟ ಹುಡುಗನೇ ಮೊದಲು ಸಿಕ್ಕಿಬೀಳುತ್ತಾನೆ. ಆಡಿಸಿದವನು ದೂರದಲ್ಲಿ ಕೂತಿರುತ್ತಾನೆ.

ಇಂಥ ಖಾತೆ ಪತ್ತೆಗೆ ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್‌ನಲ್ಲಿ 'ಮ್ಯೂಲ್‌ಹಂಟರ್' ಎಂಬ ತಂತ್ರಜ್ಞಾನವನ್ನು ಪ್ರಕಟಿಸಿತು. ನಮ್ಮ ಜಿಲ್ಲೆಗಳ ಸಿಇಎನ್ ಪೊಲೀಸ್ ಠಾಣೆಗಳ ಹೆಸರಲ್ಲೇ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ಮೂರೂ ಒಟ್ಟಿಗಿವೆ. ಆ ಒಗ್ಗಟ್ಟು ಬೋರ್ಡಿನಲ್ಲಷ್ಟೇ ಇದ್ದರೆ ಸಾಲದು. ಬ್ಯಾಂಕಿಗೆ ಬಂದ ಅನುಮಾನ ಪೊಲೀಸರಿಗೆ ಗಂಟೆಗಳೊಳಗೆ ತಲುಪಬೇಕು. ಒಂದು ಊರಿನ ದೂರಿನಲ್ಲಿ ಸಿಕ್ಕ ಖಾತೆಯ ಜಾಡು ಇನ್ನೊಂದು ಊರಿನವರನ್ನು ಎಚ್ಚರಿಸಬೇಕು.

ಇನ್ನೊಂದು ಮುಖವೂ ಇದೆ. ವಂಚಕನೊಬ್ಬ ಯುಪಿಐನಲ್ಲಿ ಸಾಮಾನು ಕೊಂಡರೆ ಅಂಗಡಿಯವನ ಖಾತೆಯೇ ಸ್ತಂಭನವಾಗುವುದುಂಟು. ನಾಲ್ಕು ನೂರು ರೂಪಾಯಿ ವ್ಯವಹಾರಕ್ಕೆ ಇಡೀ ಬಂಡವಾಳ ಸಿಕ್ಕಿಹಾಕಿಕೊಂಡರೆ ಸಣ್ಣ ವ್ಯಾಪಾರಿ ಬದುಕುವುದು ಹೇಗೆ? ಹಣದ ಹರಿವು ಬಲ್ಲ ಅಧಿಕಾರಿ ಬಾಡಿಗೆ ಖಾತೆಗೂ ಬಡ ವ್ಯಾಪಾರಿಯ ಖಾತೆಗೂ ಇರುವ ವ್ಯತ್ಯಾಸ ಗುರುತಿಸುತ್ತಾನೆ. ವಿವಾದದ ಮೊತ್ತವನ್ನಷ್ಟೇ ತಡೆಹಿಡಿಯಬೇಕೆಂದು ನಾವು ಒತ್ತಾಯಿಸಬೇಕು.

ನಮ್ಮ ಕಡೆಯಿಂದಲೂ ಆಗಬೇಕಾದ್ದಿದೆ. ಖಾತೆ ಬಾಡಿಗೆಗೆ ಕೊಡುವುದು ಅಪರಾಧ ಅಂತ ಮನೆಯ ಮಕ್ಕಳಿಗೆ, ಜಮಾಅತ್‌ನ ಯುವಕರಿಗೆ ಬಿಡಿಸಿ ಹೇಳೋಣ. ಗುರುತಿಲ್ಲದವರ ದುಡ್ಡು ಖಾತೆಗೆ ಬಂದರೆ ಮುಟ್ಟದೆ ಬ್ಯಾಂಕಿಗೆ ಬರೆದುಕೊಡಿ. ಮೋಸ ಹೋದರೆ ನಾಚಿಕೆ ಬಿಟ್ಟು ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರುವ ಮೊದಲು ತಡೆದರಷ್ಟೇ ಅದು ಉಳಿದೀತು.