ಪದದಾಟ: ರಾಗಿಗೂ ಅಂಕ ಐತೆ, ತಮ್ಮಾ!

ಈ ವಾರ ದೊಡ್ಡಉಳ್ಳಾರ್ತಿಯಿಂದ ಬಂದ ಕಾಗದವೊಂದು ಮನಸ್ಸಿಗೆ ನಾಟಿತು. ಬರೆದವನು ಚಳ್ಳಕೆರೆ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಹುಡುಗ.

“ಅಣ್ಣಾ, ಗೆಳೆಯರ ರೂಮಿನಲ್ಲಿ ಇಂಗ್ಲಿಷ್ ಪದದಾಟ ಸ್ಕ್ರ್ಯಾಬಲ್ ಆಡ್ತಾ ಇದ್ವಿ. ಆರ್-ಎ-ಜಿ-ಐ, ‘ರಾಗಿ’ ಅಂತ ಜೋಡಿಸಿದೆ. ‘ಇದೇನು ಇಂಗ್ಲಿಷಾ, ಮುದ್ದೆನಾ?’ ಅಂತ ಎಲ್ರೂ ನಕ್ಕರು. ನಾಚಿಕೆಯಾಗಿ ಬಿಲ್ಲೆಗಳನ್ನ ವಾಪಸ್ ತಗೊಂಡೆ. ಮತ್ತೆ ಆಡೋಕೇ ಹೋಗಿಲ್ಲ. ಕನ್ನಡ ಮೀಡಿಯಂನೋರಿಗೆ ಇದಲ್ಲ ಬಿಡಿ.”

ತಮ್ಮಾ, ನೀನು ತಪ್ಪು ಮಾಡಿದೆ! ರಾಗಿ ಜೋಡಿಸಿದ್ದಲ್ಲ, ತೆಗೆದದ್ದು!

ಆಟಗಾರರು ಪ್ರಮಾಣವೆಂದು ನೋಡುವ ಕಾಲಿನ್ಸ್ ಪದಪಟ್ಟಿಯಲ್ಲಿ ರಾಗಿ ಇದೆ. ಬರೀ ಅಕ್ಷರಕ್ಕೇ 5 ಅಂಕ. ನಿಮ್ಮ ತಾಲ್ಲೂಕಿಗೂ ಜಾಗವಿದೆ: ಟಿ-ಎ-ಎಲ್-ಯು-ಕೆ, 9 ಅಂಕ. ಮುದ್ದೆಗೆ ತುಪ್ಪ ಬೇಕೆ? ಜಿ-ಎಚ್-ಐ ಅಂತಲೂ ಬರೆಯಬಹುದು, 7 ಅಂಕ. ಇನ್ನು ನಮ್ಮ ಪಾಲಿನದು ಎಫ್-ಐ-ಎಲ್-ಎಂ-ಐ, ‘ಫಿಲ್ಮಿ’! ಹಿಂದಿ ಸಿನಿಮಾ ಧಾಟಿಯದು ಅಂತ ಅರ್ಥ, 10 ಅಂಕ.

ಈ ಅಂಕ ಎಲ್ಲಿಂದ ಬಂತು ಅಂತೀರಾ? ಆಟ ಕಟ್ಟಿದವರು ಅಮೆರಿಕದ ಆಲ್ಫ್ರೆಡ್ ಬಟ್ಸ್. ಕಟ್ಟಡದ ನಕ್ಷೆ ಬರೆಯುತ್ತಿದ್ದ ಅವರಿಗೆ 1930ರ ದಶಕದ ಮುಗ್ಗಟ್ಟಿನಲ್ಲಿ ಕೆಲಸ ಹೋಯಿತು. ಪತ್ರಿಕೆಯ ಪುಟ ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಎಣಿಸಿದರು. ಅಪರೂಪದ್ದಕ್ಕೆ ಹೆಚ್ಚು ಬೆಲೆ. ಸ್ಕ್ರ್ಯಾಬಲ್ ಅನ್ನೋ ಹೆಸರು ಬಂದದ್ದು 1948ರಲ್ಲಿ.

ಆಟದ ಖಳನಾಯಕ ‘ಕ್ಯೂ’. ಬೆಲೆಯೇನೋ 10, ಆದರೆ ಪಕ್ಕದಲ್ಲಿ ‘ಯು’ ಬೇಕು ಅಂತ ಕಾಯುತ್ತಾ ಕೂತರೆ ಕೆಟ್ಟಿರಿ. ಕೊನೆಗೆ ಕೈಯಲ್ಲೇ ಉಳಿದರೆ ಅದೇ 10 ನಿಮ್ಮ ಲೆಕ್ಕದಿಂದ ಕಟ್! ಅವನಿಗೂ, ಇತರ ಪುಂಡರಿಗೂ ಮದ್ದು ಇಲ್ಲಿದೆ. ಕತ್ತರಿಸಿ ಇಟ್ಟುಕೊಳ್ಳಿ:

ಕ್ಯೂ-ಐ: ಚೀನೀಯರು ಹೇಳುವ ಪ್ರಾಣಶಕ್ತಿ. ಉಚ್ಚಾರ ‘ಚೀ’. 11 ಅಂಕ.
ಝಡ್-ಓ: ಹಿಮಾಲಯದ ಕಡೆ ಯಾಕ್‌ಗೂ ದನಕ್ಕೂ ಹುಟ್ಟಿದ ಮಿಶ್ರತಳಿ. 11 ಅಂಕ.
ಜೆ-ಓ: ಸ್ಕಾಟ್ಲೆಂಡಿನವರ ‘ನಲ್ಲೆ’, ‘ನಲ್ಲ’. ಡ್ಯುಯೆಟ್‌ಗೆ ಆದೀತು! 9 ಅಂಕ.
ಸಿ-ಡಬ್ಲ್ಯು-ಎಂ: ವೇಲ್ಸ್ ನಾಡಿನ ಕಣಿವೆ. ಎ, ಇ, ಐ, ಓ, ಯು ಒಂದೂ ಬೇಡ. 10 ಅಂಕ.
ಎ-ಎ: ಹವಾಯಿ ದ್ವೀಪದ ಒರಟು ಲಾವಾ. ಬರೇ 2 ಅಂಕ, ಆದರೆ ಕೈತುಂಬ ‘ಎ’ ಬಂದಾಗ ಕಾಪಾಡುತ್ತೆ.

ಇವು ಇಂಗ್ಲಿಷ್ ಮೀಡಿಯಂನೋರ ಮನೆಯಲ್ಲೂ ದಿನಾ ಆಡುವ ಮಾತೇನಲ್ಲ. ಕಲಿತರೆ ಬರುತ್ತೆ, ಅಷ್ಟೆ. ನಂಬಿಕೆ ಬರದಿದ್ದರೆ ಕೇಳಿ: ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ಚಾಂಪಿಯನ್ ಆದರು. ಫ್ರೆಂಚ್ ಮಾತಾಡೋಕೆ ಬರುತ್ತಿರಲಿಲ್ಲ! ಪದಪಟ್ಟಿಯನ್ನು ಬಾಯಿಪಾಠ ಮಾಡಿ ಕೂತಿದ್ದರು.

ತಮ್ಮಾ, ನಿಯಮವೂ ನಿನ್ನ ಕಡೆಗೇ ಇದೆ. ಪದದ ಮೇಲೆ ತಕರಾರು ಬಂದರೆ ತೀರ್ಪು ಕೊಡೋದು ಪಟ್ಟಿ, ನಗು ಅಲ್ಲ. ಇಲ್ಲದಿದ್ದರೆ ಬಿಲ್ಲೆ ವಾಪಸ್, ಆ ಸರದಿಗೆ ಸೊನ್ನೆ. ಇದ್ದರೆ ಪದ ಅಲ್ಲೇ ನಿಲ್ಲುತ್ತೆ.

ನಾಳೆಯೇ ಆ ರೂಮಿಗೆ ಹೋಗು. ರಾಗಿ ಜೋಡಿಸು. ನಕ್ಕರೆ ನಗಲಿ, ಕೈ ಮಾತ್ರ ಹಿಂದಕ್ಕೆ ತೆಗೀಬೇಡ. “ಪಟ್ಟಿ ತೆಗೀರಿ” ಅನ್ನು. ಆಮೇಲೇನಾಯ್ತು ಅಂತ ನಮಗೊಂದು ಕಾಗದ ಹಾಕು.